ತೊಳೆದುಕೊಂಡು ಹೋದ ಕಾಲು

ಕೆಲವು ವರ್ಷಗಳ ಹಿಂದೆ ಪವಿತ್ರ ಗುರುವಾರದಂದು ಪಾದ ತೊಳೆಸಿಕೊಳ್ಳುವ ಹನ್ನೆರಡು ಮಂದಿಯಲ್ಲಿ ನನ್ನ ಹೆಸರೂ ಇತ್ತು. ಅಂದು ಸಂಜೆ ಬಚ್ಚಲಿನಲ್ಲಿ ಬಹಳ ಹೊತ್ತು ಕಳೆದೆ. ಹಿಮ್ಮಡಿಯ ಬಿರುಕುಗಳನ್ನು ಕಲ್ಲಿನಿಂದ ಉಜ್ಜಿದೆ, ಉಗುರು ಕತ್ತರಿಸಿದೆ, ಎರಡು ಸಲ ಸೋಪು ಹಚ್ಚಿದೆ. "ಫಾದರ್ ತೊಳೆಯೋದಕ್ಕೆ ಏನಾದರೂ ಉಳಿಸಿದ್ದೀರಾ?" ಎಂದು ಹೆಂಡತಿ ನಕ್ಕಳು. ನಾನೂ ನಕ್ಕೆ. ಆದರೆ ಆ ಮಾತು ದೇವಾಲಯದವರೆಗೂ ನನ್ನ ಜೊತೆಯಲ್ಲೇ ಬಂತು.

ಪ್ರಿಯ ಓದುಗರೇ, ದೇವರ ಮುಂದೆಯೂ ನಾವು ಹೀಗೆ ಕಾಲು ತೊಳೆದುಕೊಂಡೇ ಹೋಗುತ್ತೇವೆ. ಪಾಪನಿವೇದನೆಗೆ ಮೊಣಕಾಲೂರಿ "ಕೋಪ ಮಾಡಿಕೊಂಡೆ" ಎನ್ನುತ್ತೇವೆ. ಆ ಕೋಪದಿಂದ ಮನೆಯಲ್ಲಿ ಯಾರು ಊಟ ಬಿಟ್ಟು ಎದ್ದುಹೋದರು ಎಂಬುದನ್ನು ಹೇಳುವುದಿಲ್ಲ. ಹೇಳಿದರೂ ತಕ್ಕ ಕಾರಣವೊಂದನ್ನು ಜೊತೆಗಿಡುತ್ತೇವೆ.

ದೀನತೆ ಎಂದರೆ ಇತರರ ಮುಂದೆ ಬಾಗುವುದು ಎಂದು ನಾವು ತಿಳಿದಿದ್ದೇವೆ. ಸಂತ ಯೊವಾನ್ನರ ಶುಭಸಂದೇಶದ 13ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಸ್ವಾಮಿಯ ಕಾಲು ತೊಳೆಯಬೇಕೆಂದರೆ ಪೇತ್ರ ಸಂತೋಷದಿಂದ ತೊಳೆಯುತ್ತಿದ್ದನೇನೋ. ಆದರೆ ಸ್ವಾಮಿಯೇ ತನ್ನ ಕಾಲ ಬಳಿ ಬಗ್ಗಿದಾಗ ಅವನು ಒಪ್ಪಲಿಲ್ಲ. ಅದು ಭಕ್ತಿಯಂತೆಯೇ ಕಾಣುತ್ತದೆ. ಆದರೂ ತೊಳೆಸಿಕೊಳ್ಳದಿದ್ದರೆ ತನ್ನೊಂದಿಗೆ ಪಾಲಿಲ್ಲ ಎಂದು ಯೇಸು ಅವನಿಗೆ ಖಂಡಿತವಾಗಿ ತಿಳಿಸಿದರು. ನಮ್ಮ ಕೊಳೆಯನ್ನು ದೇವರು ಕಾಣಲಿ, ಮುಟ್ಟಲಿ ಎಂದು ಒಪ್ಪಿಕೊಳ್ಳುವುದೇ ದೀನತೆಯ ಮೊದಲ ಮೆಟ್ಟಿಲು.

ಪೋಪ್ ಫ್ರಾನ್ಸಿಸ್‌ರವರು 2013ರಲ್ಲಿ ಆಯ್ಕೆಯಾದ ಕೆಲವೇ ದಿನಗಳಲ್ಲಿ, ಮಾರ್ಚ್ 28ರ ಪವಿತ್ರ ಗುರುವಾರ, ರೋಮ್ ನಗರದ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ 12 ಮಂದಿ ಯುವಕ ಯುವತಿಯರ ಪಾದ ತೊಳೆದರು. ಪೋಪರು ಮೊಣಕಾಲೂರಿದ್ದನ್ನು ಎಲ್ಲರೂ ಮೆಚ್ಚಿದರು. ನನಗೆ ಮಾತ್ರ ಆ ಮಕ್ಕಳದೇ ನೆನಪು. ಅವರ ತಪ್ಪುಗಳು ಆಗಲೇ ಕೋರ್ಟಿನ ಕಾಗದದಲ್ಲಿದ್ದವು. ಮುಚ್ಚಿಡಲು ಏನೂ ಉಳಿಯದವರು ಸುಮ್ಮನೆ ಕಾಲು ಚಾಚಿದರು.

ಹಾಗೆಂದು ತನ್ನನ್ನು ತಾನೇ ಹಳಿದುಕೊಳ್ಳುವುದು ದೀನತೆಯಲ್ಲ. "ನನ್ನಿಂದ ಏನಾಗುತ್ತೆ ಬಿಡಿ" ಎಂದು ಹೇಳಿ, "ಇಲ್ಲ, ನೀವೇ ಬೇಕು" ಎಂಬ ಮಾತಿಗೆ ಕಾಯುವವರು ನಮ್ಮಲ್ಲಿ ಕಡಿಮೆಯೇ? ದೀನತೆಯೆಂದರೆ ಸತ್ಯದಲ್ಲಿ ನಡೆಯುವುದು ಎಂಬುದು ಆವಿಲಾದ ಸಂತ ತೆರೇಸಾರ ಬೋಧನೆ. ಒಳ್ಳೆಯ ಕಂಠವಿದ್ದರೆ ಇದೆ ಎನ್ನೋಣ, ಕೊಟ್ಟ ದೇವರನ್ನು ನೆನೆಯೋಣ. ಅನ್ಯಾಯವನ್ನು ಬಾಯಿಮುಚ್ಚಿ ಸಹಿಸುವುದನ್ನೂ ದೀನತೆಯೆನ್ನಬಾರದು. ಪ್ರಧಾನ ಯಾಜಕನ ಎದುರು ಕಾವಲುಗಾರನೊಬ್ಬ ಕೆನ್ನೆಗೆ ಹೊಡೆದಾಗ, ತನ್ನನ್ನು ಹೊಡೆದದ್ದೇಕೆ ಎಂದು ಯೇಸುವೇ ಕೇಳಿದರು. ಗಂಡನಿಂದ ಏಟು ತಿನ್ನುವ ಹೆಣ್ಣುಮಗಳಿಗೆ "ತಗ್ಗಿ ಬಗ್ಗಿ ನಡಿ" ಎಂದು ಬುದ್ಧಿ ಹೇಳುವವರು ಇದನ್ನು ನೆನಪಿಡಬೇಕು.

ಆ ಗುರುವಾರಕ್ಕೆ ಮರಳುತ್ತೇನೆ. ಹಿಂದಿನ ದಿನ ಜೇಬಿನಲ್ಲಿದ್ದ ಐನೂರು ರೂಪಾಯಿ ಕಾಣದೆ ಮಗನನ್ನು ಗದರಿಸಿದ್ದೆ. ಕಳ್ಳನೆಂಬ ಮಾತೂ ಬಾಯಿಂದ ಬಂದಿತ್ತು. ರಾತ್ರಿ ನೋಟು ಇನ್ನೊಂದು ಅಂಗಿಯಲ್ಲೇ ಸಿಕ್ಕಿತು. "ಸಿಕ್ಕಿತು, ಆಯ್ತು ಬಿಡು" ಎಂದೆ, ಅಷ್ಟೆ. ತಪ್ಪು ನನ್ನದೆಂದು ಹೇಳಲಿಲ್ಲ. ಮಕ್ಕಳ ಮುಂದೆ ತಂದೆ ತಗ್ಗಿದರೆ ಮರ್ಯಾದೆ ಉಳಿಯುತ್ತದೆಯೇ ಎಂಬ ಅಳುಕು. ಮರುದಿನ ಬಲಿಪೀಠದ ಮುಂದೆ ಗುರುಗಳು ನನ್ನ ಕಾಲಿಗೆ ನೀರು ಹಾಕುವಾಗ ಮೂರನೆಯ ಸಾಲಿನಿಂದ ಮಗ ನೋಡುತ್ತಿದ್ದ. ನನ್ನ ಪಾದ ಎಷ್ಟು ಶುಚಿಯಾಗಿದೆಯೆಂದು ಅವನಿಗೊಬ್ಬನಿಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದ ಮೇಲೆ ಅವನ ಹಾಸಿಗೆಯ ಪಕ್ಕದಲ್ಲಿ ಕುಳಿತೆ. "ತಪ್ಪಾಯ್ತು ಮಗನೇ, ನಿನ್ನನ್ನು ಹಾಗೆ ಅನ್ನಬಾರದಿತ್ತು" ಎನ್ನುವಷ್ಟರಲ್ಲಿ ಗಂಟಲು ಒಣಗಿತು. ಅವನು ಗೋಡೆಯ ಕಡೆ ತಿರುಗಿಕೊಂಡು, "ಹೋಗ್ಲಿ ಬಿಡಪ್ಪ" ಎಂದ. ಸ್ವಲ್ಪ ಹೊತ್ತಿನ ಮೇಲೆ ನನ್ನ ಕೈ ಹಿಡಿದುಕೊಂಡ.

ಇಂದು ರಾತ್ರಿ ಕುಟುಂಬದ ಜಪಸರ ಮುಗಿದ ಮೇಲೆ ಒಂದು ನಿಮಿಷ ಹಾಗೆಯೇ ಕುಳಿತಿರೋಣ. ಮನೆಯವರಲ್ಲಿ ಯಾರ ಕ್ಷಮೆ ಕೇಳುವುದು ಬಾಕಿಯಿದೆ? ಯಾರ ಬುದ್ಧಿಮಾತಿಗೆ ಮುಖ ಸಿಂಡರಿಸಿದೆವು? ಕಾಯಿಲೆ ಬಿದ್ದಾಗ ಸೊಸೆ ತಂದ ಗಂಜಿಯನ್ನು ಸಂಕೋಚವಿಲ್ಲದೆ ತೆಗೆದುಕೊಂಡೆವೇ? ಸ್ವಾಮಿ ನಮ್ಮ ಮನೆಯಲ್ಲೂ ಬೋಗುಣಿ ಹಿಡಿದು ಕುಳಿತಿದ್ದಾರೆ. ಕಾಲು ಹೇಗಿದೆಯೋ ಹಾಗೆಯೇ ಚಾಚೋಣ.