ತರ್ದವಾಡಿಯ ಪದವಿ ಮತ್ತು ಅಪರಿಗ್ರಹ

ಇಂದಿನ ಇಂಡಿ, ಬಸವನ ಬಾಗೇವಾಡಿ ಸೀಮೆಯಲ್ಲಿದ್ದ ತರ್ದವಾಡಿ ಸಾಸಿರ ನಾಡಿನ ಅಧಿಕಾರವು ಸಾರ್ವಭೌಮರು ಸಾಮಂತರಿಗೆ ನಂಬಿ ಒಪ್ಪಿಸುತ್ತಿದ್ದ ಪದವಿ. ಕ್ರಿ.ಶ. 965ರಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಅಧೀನನಾಗಿ ಅದನ್ನಾಳುತ್ತಿದ್ದ ಚಾಲುಕ್ಯ ತೈಲಪನು 973ರಲ್ಲಿ ಒಡೆಯರ ಸಿಂಹಾಸನವನ್ನೇ ಕಸಿದುಕೊಂಡನು. 12ನೆಯ ಶತಮಾನದಲ್ಲಿ ಅದೇ ನಾಡನ್ನು ಚಾಲುಕ್ಯರಿಂದ ಪಡೆದಿದ್ದ ಕಲಚೂರಿ ಮಹಾಮಂಡಲೇಶ್ವರ ಬಿಜ್ಜಳನು ಚಾಲುಕ್ಯರಿಗೂ ಹಾಗೆಯೇ ಮಾಡಿದನು. ಆ ಶತಮಾನ ಮುಗಿಯುವ ಮೊದಲೇ ಕಲಚೂರಿಗಳ ಅರಸೊತ್ತಿಗೆಯೂ ಅಳಿಯಿತು.

ರಾಜ್ಯಭ್ರಷ್ಟವಾದ ರಾಷ್ಟ್ರಕೂಟ ವಂಶದ ಇಂದ್ರನಾದರೋ, ಕೃಷ್ಣನ ಮೊಮ್ಮಗ, 982ರಲ್ಲಿ ಶ್ರವಣಬೆಳಗೊಳದಲ್ಲಿ ಸಲ್ಲೇಖನದಿಂದ ದೇಹತ್ಯಾಗ ಮಾಡಿದನು. ಸೋತವನ ತ್ಯಾಗಕ್ಕೇನು ಬೆಲೆ ಎನ್ನಬಹುದು. ಆದರೆ ಸೋತವರೆಲ್ಲರೂ ತ್ಯಾಗಿಗಳಾಗುವುದಿಲ್ಲ. ಕಳೆದುಹೋದುದರ ಮೇಲೂ ಮಮಕಾರ ಉಳಿಯುತ್ತದೆ. ಆ ಮಮಕಾರವನ್ನು ಬಿಡುವುದೇ ಅಪರಿಗ್ರಹ.

ಬಸದಿಯ ವಿಶ್ವಸ್ತನ ಪದವಿಯೂ ನಂಬಿ ಒಪ್ಪಿಸಿದುದೇ. ಅದನ್ನು ತನ್ನ ಮನೆತನದ ಸೊತ್ತೆಂದು ಬಗೆದ ದಿನವೇ ಆತನು ವಿಶ್ವಾಸಕ್ಕೆ ಎರವಾಗುತ್ತಾನೆ.