ಆಟದ ಅತಿರೇಕವು ರೋಗವೆ?

ಮನುಷ್ಯನ ನಡತೆಯಲ್ಲಿ ಕಾಣುವ ಅತಿರೇಕಗಳಲ್ಲಿ ಯಾವುದನ್ನು ದೋಷವೆಂದೂ ಯಾವುದನ್ನು ರೋಗವೆಂದೂ ಎಣಿಸತಕ್ಕದ್ದು ಎಂಬ ಪ್ರಶ್ನೆಯು ವೈದ್ಯಶಾಸ್ತ್ರಕ್ಕೆ ಎಷ್ಟು ಸೇರಿದ್ದೋ ನ್ಯಾಯಕ್ಕೂ ಧರ್ಮವಿಚಾರಕ್ಕೂ ಸಂಸಾರದ ನಿತ್ಯವ್ಯವಹಾರಕ್ಕೂ ಅಷ್ಟೇ ಸೇರಿದ್ದು. ದೋಷವೆಂದು ತೀರ್ಮಾನವಾದರೆ ಉಪದೇಶ, ಗದರಿಕೆ, ದಂಡನೆ. ರೋಗವೆಂದು ತೀರ್ಮಾನವಾದರೆ ಔಷಧ, ಶುಶ್ರೂಷೆ, ಸಹನೆ. ಅಪಸ್ಮಾರವನ್ನು ಗ್ರಹಚೇಷ್ಟೆಯೆಂದೂ ಕುಷ್ಠವನ್ನು ಪೂರ್ವಜನ್ಮದ ಪಾಪಫಲವೆಂದೂ ಬಹುಕಾಲ ನಂಬಿಕೊಂಡಿದ್ದ ಸಮಾಜವು ಅವೆರಡನ್ನೂ ವೈದ್ಯನ ಕೈಗೆ ಒಪ್ಪಿಸಿದಂದು ವಿವೇಕದಲ್ಲಿಯೂ ಕರುಣೆಯಲ್ಲಿಯೂ ಮುಂದುವರಿಯಿತೆಂಬುದು ನಿಜ. ಆದರೆ ಇದೇ ವೈದ್ಯಶಾಸ್ತ್ರದ ಹೆಸರಿನಲ್ಲಿ 1851ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯನು, ಒಡೆಯನನ್ನು ಬಿಟ್ಟು ಓಡಿಹೋಗಬೇಕೆನ್ನುವ ಗುಲಾಮನ ಹಂಬಲವೇ ಒಂದು ಮನೋವ್ಯಾಧಿಯೆಂದು ಸಾರಿದನು; ಸಲಿಂಗಪ್ರೇಮವನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಪಟ್ಟಿಯಿಂದ ತೆಗೆದದ್ದು 1990ರಷ್ಟು ಈಚೆಗೆ. ಆದಕಾರಣ ಪಟ್ಟಿಗೆ ಹೊಸದೊಂದು ರೋಗದ ಹೆಸರು ಸೇರಿದಾಗ, ಅದನ್ನು ಒಪ್ಪುವುದಕ್ಕೂ ತಳ್ಳುವುದಕ್ಕೂ ಮೊದಲು, ಅದು ಯಾರ ಹಿತಕ್ಕಾಗಿ ಬಂದಿತೆಂದು ವಿಚಾರಿಸುವುದು ಪ್ರಜೆಗಳ ಕರ್ತವ್ಯ.

ಅಂಥ ಹೊಸ ಹೆಸರು ಈಗ ವಿಡಿಯೊ ಗೇಮ್‌ಗಳ ಅತಿರೇಕಕ್ಕೆ ಬಂದಿದೆ. ಅಮೆರಿಕದ ಮನೋವೈದ್ಯರ ಸಂಘವು 2013ರ ತನ್ನ ಕೈಪಿಡಿಯಲ್ಲಿ ಇದನ್ನು ಇನ್ನೂ ಹೆಚ್ಚಿನ ಸಂಶೋಧನೆ ಬೇಕಾದ ಸ್ಥಿತಿಗಳ ಸಾಲಿನಲ್ಲಿ ಮಾತ್ರ ಇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯಾದರೋ, 2019ರ ಮೇ ತಿಂಗಳಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂದ ತನ್ನ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ, ಜೂಜಿನ ವ್ಯಾಧಿಯ ಪಕ್ಕದಲ್ಲಿಯೇ ಇದಕ್ಕೆ ಸ್ಥಾನ ಕೊಟ್ಟಿತು. ಅದು ಹೇಳುವ ಲಕ್ಷಣಗಳು ಮೂರು: ಆಟದ ಮೇಲಣ ಹಿಡಿತ ತಪ್ಪುವುದು, ಬದುಕಿನ ಇತರ ಆಸಕ್ತಿಗಳನ್ನೂ ನಿತ್ಯಕರ್ತವ್ಯಗಳನ್ನೂ ಮೀರಿ ಆಟವೇ ಪ್ರಧಾನವಾಗುವುದು, ಕೇಡು ಕಣ್ಣಿಗೆ ಕಾಣುತ್ತಿದ್ದರೂ ಆಟ ಮುಂದುವರಿಯುವುದು, ಅಥವಾ ಇನ್ನೂ ಹೆಚ್ಚುವುದು. ಇವುಗಳಿಂದ ವ್ಯಕ್ತಿಯ ಮನೆ, ವಿದ್ಯೆ, ಉದ್ಯೋಗಗಳು ಗಣನೀಯವಾಗಿ ಕೆಟ್ಟಿರಬೇಕು. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಈ ಸ್ಥಿತಿ ನಿಂತಿರಬೇಕು. ಆಡುವವರಲ್ಲಿ ಸಣ್ಣದೊಂದು ಪಾಲು ಮಾತ್ರ ಇದಕ್ಕೆ ತುತ್ತಾಗುತ್ತಾರೆಂದು ಆ ಸಂಸ್ಥೆಯೇ ಹೇಳಿದೆ.

ಕೋಲಾರ ಜಿಲ್ಲೆಯ ಮಟ್ಟಿಗೆ ಇದು ಪರದೇಶದ ಮಾತಲ್ಲ. ನರಸಾಪುರ, ವೇಮಗಲ್ಲುಗಳ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಹಿಂದಿರುಗುವ ತರುಣರು, ಮಾಲೂರಿನಿಂದ ಬೆಂಗಳೂರಿಗೆ ನಿತ್ಯವೂ ರೈಲಿನಲ್ಲಿ ಓಡಾಡುವ ಕೆಲಸಗಾರರು, ಫಸಲಿನ ಕಾಲದಲ್ಲಿ ಶ್ರೀನಿವಾಸಪುರದ ಮಾವಿನ ತೋಪುಗಳನ್ನು ಕಾಯುವ ಹುಡುಗರು, ಮುಳಬಾಗಿಲಿನ ಕಾಲೇಜು ವಿದ್ಯಾರ್ಥಿಗಳು, ಇವರೆಲ್ಲರ ಕೈಯಲ್ಲಿಯೂ ಈ ಆಟಗಳಿವೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಪಬ್‌ಜಿ ಎಂಬ ಆಟವನ್ನು ನಿಷೇಧಿಸಿತು. ಮರುವರ್ಷವೇ ಅದರ ಸೋದರನಂತಿರುವ ಇನ್ನೊಂದು ಆಟ ಬೇರೆ ಹೆಸರಿನಿಂದ ಬಂದಿತು. ಆಡುವವರಲ್ಲಿ ಬಹುಮಂದಿಗೆ ಆಟ ಆಟವೇ. ದೇವಸ್ಥಾನದ ಜಗಲಿಯ ಕಲ್ಲಿನ ಮೇಲೆ ಗೆರೆ ಕೊರೆದು ಹುಲಿಕಟ್ಟನ್ನೂ ಚೌಕಾಬಾರವನ್ನೂ ಆಡುತ್ತ ಹೊತ್ತು ಕಳೆದ ಹಿರಿಯರ ಮಕ್ಕಳು ಹೊತ್ತು ಕಳೆಯಲು ಬೇರೊಂದು ಜಗಲಿಯನ್ನು ಹುಡುಕಿಕೊಂಡರೆ ಅದರಲ್ಲಿ ರೋಗವನ್ನು ಕಾಣುವುದು ಅನ್ಯಾಯ.

ಈ ಅನ್ಯಾಯದ ಭಯವೇ ವರ್ಗೀಕರಣವನ್ನು ವಿರೋಧಿಸುವವರ ಮೊದಲನೆಯ ಆಕ್ಷೇಪ. ಹತ್ತು ಗಂಟೆ ಚದುರಂಗ ಅಭ್ಯಾಸ ಮಾಡುವವನನ್ನು ಸಾಧಕನೆನ್ನುತ್ತೇವೆ. ಊಟ ಮರೆತು ಕಾದಂಬರಿ ಓದುವವಳನ್ನು ರಸಿಕಳೆನ್ನುತ್ತೇವೆ. ಮೊಬೈಲು ಹಿಡಿದವನನ್ನು ಮಾತ್ರ ರೋಗಿಯೆನ್ನುವುದು ಹಿರಿಯರ ಅರುಚಿಗೆ ವಿಜ್ಞಾನದ ವೇಷ ತೊಡಿಸಿದಂತಲ್ಲವೆ ಎಂದು ಅವರು ಕೇಳುತ್ತಾರೆ. ಗಂಟೆಗಳ ಲೆಕ್ಕವೇ ರೋಗದ ಅಳತೆಯಾಗಿದ್ದರೆ ಈ ಆಕ್ಷೇಪಕ್ಕೆ ಉತ್ತರವಿರುತ್ತಿರಲಿಲ್ಲ. ಹದಿನಾರು ವರ್ಷಕ್ಕಿಂತ ಕಿರಿಯರು ಮಧ್ಯರಾತ್ರಿಯಿಂದ ಬೆಳಗಿನ ಆರರವರೆಗೆ ಅಂತರ್ಜಾಲದ ಆಟಗಳನ್ನು ಆಡಕೂಡದೆಂದು ದಕ್ಷಿಣ ಕೊರಿಯವು 2011ರಲ್ಲಿ ವಿಧಿಸಿದ ನಿರ್ಬಂಧವನ್ನು, ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣವು ಜಾರಿಗೆ ಬಂದ ದಿನವೇ, ಆ ದೇಶವು ತಾನಾಗಿ ಕೈಬಿಟ್ಟಿತು. ಗಡಿಯಾರವು ಆಟದ ಹೊತ್ತನ್ನು ಅಳೆಯಬಲ್ಲುದು, ಆಡುವವನ ಸ್ವಾಧೀನವನ್ನು ಅಳೆಯಲಾರದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲಕ್ಷಣಗಳಲ್ಲಿ ಗಂಟೆಗಳ ಸಂಖ್ಯೆಯೇ ಇಲ್ಲವೆಂಬುದನ್ನು ಆಕ್ಷೇಪಿಸುವವರೂ, ಅವರಿಗಿಂತ ಹೆಚ್ಚಾಗಿ ಆತುರದ ತಂದೆತಾಯಿಗಳೂ ಗಮನಿಸಬೇಕು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ಇನ್ನೂ ಒಂದು ಕಾವಲನ್ನು ಇಟ್ಟಿದೆ. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯ ಮೂರನೆಯ ಪ್ರಕರಣವು, ಮನೋರೋಗವನ್ನು ನಿರ್ಧರಿಸುವಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವನ್ನು ಒಳಗೊಂಡ ಮಾನ್ಯ ವೈದ್ಯಕೀಯ ಮಾನದಂಡಗಳನ್ನು ಅನುಸರಿಸಬೇಕೆಂದು ವಿಧಿಸಿ, ಸಮುದಾಯದಲ್ಲಿ ರೂಢಿಯಲ್ಲಿರುವ ನೈತಿಕ, ಸಾಮಾಜಿಕ, ಸಾಂಸ್ಕೃತಿಕ ಅಥವಾ ಉದ್ಯೋಗ ಸಂಬಂಧದ ಮೌಲ್ಯಗಳಿಗೆ ಒಬ್ಬನು ಹೊಂದಿಕೊಳ್ಳಲಿಲ್ಲವೆಂಬ ಕಾರಣದಿಂದ ಅವನನ್ನು ಮನೋರೋಗಿಯೆಂದು ನಿರ್ಧರಿಸಕೂಡದೆಂದು ಕೂಡ ವಿಧಿಸುತ್ತದೆ. ಮಗನು ಹೇಳಿದ ಮಾತು ಕೇಳುವುದಿಲ್ಲ, ತೋಟದ ಕೆಲಸಕ್ಕೆ ಬರುವುದಿಲ್ಲ, ಸರಕಾರಿ ಕೆಲಸದ ಪರೀಕ್ಷೆಗೆ ಓದುವುದಿಲ್ಲ ಎಂಬಿವು ಮನೆಯ ವ್ಯಥೆಗಳಿರಬಹುದು, ಇವಿಷ್ಟರಿಂದಲೇ ರೋಗನಿರ್ಣಯವಾಗತಕ್ಕದ್ದಲ್ಲ.

ಎರಡನೆಯ ಆಕ್ಷೇಪ ಇದಕ್ಕಿಂತ ಬಲವಾದದ್ದು. ಅತಿಯಾದ ಆಟವು ತಾನೇ ರೋಗವಲ್ಲ, ಖಿನ್ನತೆ, ಒಂಟಿತನ, ನಿರುದ್ಯೋಗಗಳಂಥ ಬೇರೊಂದು ದುಃಖದ ಹೊರಚಿಹ್ನೆ ಮಾತ್ರವೆಂದು 2017ರಲ್ಲಿ ಹಲವು ವಿದ್ವಾಂಸರು ಒಟ್ಟಾಗಿ ವಾದಿಸಿದರು. ಬಹು ಸಂದರ್ಭಗಳಲ್ಲಿ ಇದು ದಿಟವೇ ಇರಬಹುದು. ಆದರೆ ದುಃಖದಿಂದ ಕುಡಿಯಲು ತೊಡಗಿದವನ ಕುಡಿತವು ಆ ದುಃಖ ಶಮನವಾದ ಮೇಲೂ ತಾನಾಗಿ ನಿಲ್ಲದೆ ಸ್ವತಂತ್ರವಾದೊಂದು ಪೀಡೆಯಾಗಿ ಉಳಿಯಬಲ್ಲುದೆಂಬುದನ್ನು ನಾವು ಊರೂರಿನಲ್ಲಿ ಕಂಡಿದ್ದೇವೆ. ಪರಿಣಾಮವಾಗಿ ಹುಟ್ಟಿದ್ದು ಕಾಲಕ್ರಮದಲ್ಲಿ ಕಾರಣವಾಗಿ ಪರಿಣಮಿಸುವುದು ಮನಸ್ಸಿನ ವ್ಯಾಪಾರದಲ್ಲಿ ಅಪೂರ್ವವಲ್ಲ. ಆದುದರಿಂದ ಆಟದ ಹಿಂದಿರುವ ದುಃಖವನ್ನು ಅರಸದ ವೈದ್ಯನು ಅರ್ಧ ವೈದ್ಯನೆಂಬುದು ಈ ಆಕ್ಷೇಪದಿಂದ ಸಿದ್ಧವಾಗುತ್ತದೆ. ಆಟದ ಹಿಡಿತವೆಂಬ ಪೀಡೆಯೇ ಇಲ್ಲವೆಂಬುದು ಸಿದ್ಧವಾಗುವುದಿಲ್ಲ.

ಮೂರನೆಯದು ನೀತಿವಾದಿಗಳ ಆಕ್ಷೇಪ. ರೋಗವೆಂದೊಡನೆ ಹೊಣೆ ಕಳಚಿಹೋಗುತ್ತದೆ. ಸೋಮಾರಿಗೆ ಒಳ್ಳೆಯ ನೆಪ ದೊರೆಯುತ್ತದೆ. ಮನುಷ್ಯನ ಇಚ್ಛಾಸ್ವಾತಂತ್ರ್ಯವೆಂಬ ಮಹತ್ತಾದ ಭಾವನೆಯೇ ಸಡಿಲವಾಗುತ್ತದೆ ಎಂದು ಅವರು ಹೇಳುತ್ತಾರೆ. ಇಲ್ಲಿ ಮಹಾಭಾರತದ ದ್ಯೂತಸಭೆಯನ್ನು ನೆನೆಯದಿರಲಾಗದು. ಧರ್ಮವನ್ನು ಬಲ್ಲವರಲ್ಲಿ ಅಗ್ರಗಣ್ಯನಾದ ಯುಧಿಷ್ಠಿರನು ಸಂಪತ್ತನ್ನೂ ರಾಜ್ಯವನ್ನೂ ತಮ್ಮಂದಿರನ್ನೂ ಕಡೆಗೆ ತನ್ನನ್ನೂ ಸೋತ ಮೇಲೆ ದ್ರೌಪದಿಯನ್ನು ಪಣಕ್ಕಿಟ್ಟನು. ಅಷ್ಟು ಅನರ್ಥವಾದ ಬಳಿಕವೂ ಎರಡನೆಯ ಸಲ ಕರೆ ಬಂದಾಗ ಮತ್ತೆ ಹೋಗಿ ಕುಳಿತನು. ಕೇಡನ್ನು ಕಣ್ಣಾರೆ ಕಂಡೂ ಮುಂದುವರಿಯುವುದೆಂಬ ಲಕ್ಷಣಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ. ಮೊದಲು ತನ್ನನ್ನು ಸೋತನೋ, ಅಥವಾ ನನ್ನನ್ನು ಸೋತನೋ ಎಂದು ದ್ರೌಪದಿಯು ಕೇಳಿದ್ದು ಕೇವಲ ನ್ಯಾಯಸೂತ್ರದ ಪ್ರಶ್ನೆಯಲ್ಲ. ತನ್ನ ಮೇಲೆ ತನಗೆ ಅಧಿಕಾರವಿಲ್ಲದವನ ಕೃತ್ಯವು ಎಷ್ಟರಮಟ್ಟಿಗೆ ಅವನದು ಎಂಬ ಪ್ರಶ್ನೆ ಅದು. ಭೀಷ್ಮನೂ ಉತ್ತರಿಸಲಾರದೆ ಧರ್ಮದ ಗತಿ ಸೂಕ್ಷ್ಮವೆಂದು ತಡವರಿಸಿದ ಪ್ರಶ್ನೆ.

ಆ ಕಥೆಯು ಯುಧಿಷ್ಠಿರನನ್ನು ಹೊಣೆಯಿಂದ ಬಿಡಿಸುವುದಿಲ್ಲ. ವನವಾಸವನ್ನು ಅವನು ಅನುಭವಿಸಲೇಬೇಕಾಯಿತು. ರೋಗಿಗೂ ಹೊಣೆಯಿರುತ್ತದೆ. ಮಧುಮೇಹವುಳ್ಳವನು ರೋಗಕ್ಕೆ ಕಾರಣನಲ್ಲದಿದ್ದರೂ ಪಥ್ಯಕ್ಕೆ ಬದ್ಧನು. ಹಿಡಿತ ತಪ್ಪಿದವನಿಗೆ ಹಿಡಿತ ತಪ್ಪಿದುದರ ಹೊಣೆಯನ್ನು ಪೂರ್ತಿಯಾಗಿ ಹೊರಿಸದೆ, ನೆರವನ್ನು ಸ್ವೀಕರಿಸುವ ಹೊಣೆಯನ್ನು ಮಾತ್ರ ಹೊರಿಸುವುದು ನೀತಿಗೆ ವಿರುದ್ಧವಲ್ಲ. ಅದೇ ಪಕ್ವವಾದ ನೀತಿ. ಇದಕ್ಕಿಂತ ಮುಖ್ಯವಾಗಿ ಆ ಕಥೆಯಲ್ಲಿ ಶಕುನಿಯಿದ್ದಾನೆ. ಧರ್ಮರಾಜನ ವ್ಯಸನವನ್ನು ಮಾತ್ರ ವಿವರಿಸಿ ದಾಳಗಳನ್ನು ಉರುಳಿಸಿದವನನ್ನು ಮರೆಯುವ ವ್ಯಾಖ್ಯಾನವು ಸತ್ಯದ ಅರ್ಧವನ್ನು ನುಂಗಿದಂತೆ.

ವರ್ಗೀಕರಣದ ನಿಜವಾದ ಕೊರತೆ ಇರುವುದು ಇಲ್ಲಿಯೇ. ಯಾವಾಗ ಬಹುಮಾನ ಬರುವುದೆಂದು ಗೊತ್ತಿಲ್ಲದಿದ್ದಾಗಲೇ ಪ್ರಾಣಿಯು ಬಿಡದೆ ಗುಂಡಿಯನ್ನು ಒತ್ತುತ್ತಿರುತ್ತದೆಂಬುದನ್ನು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಕಳೆದ ಶತಮಾನದಲ್ಲಿಯೇ ಪಾರಿವಾಳಗಳಿಂದ ತೋರಿಸಿಕೊಟ್ಟನು. ದುಡ್ಡು ಕೊಟ್ಟು ತೆರೆಯುವ, ಒಳಗೇನಿದೆಯೆಂದು ತಿಳಿಯದ ಪೆಟ್ಟಿಗೆಗಳು, ಒಂದು ದಿನ ತಪ್ಪಿದರೂ ಕೈಬಿಟ್ಟುಹೋಗುವ ದೈನಂದಿನ ಬಹುಮಾನಗಳು, ತಂಡದವರನ್ನು ನಡುವೆ ಬಿಟ್ಟೇಳಲಾಗದ ಪಂದ್ಯಗಳು, ಇವೆಲ್ಲ ಮನಸ್ಸಿನ ಇಂಥ ಒಲವುಗಳ ಬಲದ ಮೇಲೆ ಜಾಣರಾದ ಜನ ಸಂಬಳ ಪಡೆದು ಕಟ್ಟಿದ ಯೋಜನೆಗಳು. ಬೆಲ್ಜಿಯಂ ದೇಶವು 2018ರಲ್ಲಿಯೇ ಅಂಥ ಪೆಟ್ಟಿಗೆಗಳನ್ನು ಜೂಜೆಂದು ತೀರ್ಮಾನಿಸಿತು. ಹೀಗಿರುವಲ್ಲಿ ರೋಗದ ಲಕ್ಷಣಗಳನ್ನೆಲ್ಲ ಆಡುವವನ ಮನಸ್ಸಿನೊಳಗೇ ಬರೆದು, ಆಟದ ರಚನೆಯ ಕುರಿತು ಮೌನವಾಗಿರುವ ಪಟ್ಟಿಯು ಪೂರ್ಣವಾಯಿತೆಂದು ಹೇಳುವಂತಿಲ್ಲ.

ಹೆಸರಿನ ಜತೆಯಲ್ಲಿ ಕಾರಣವೂ ಬಂದರೆ ಏನಾಗುವುದೆಂಬುದನ್ನು ಕೋಲಾರ ಜಿಲ್ಲೆಯೇ ತಿಳಿಸುತ್ತದೆ. 1880ರಲ್ಲಿ ಆರಂಭವಾಗಿ 2001ರ ಫೆಬ್ರವರಿ 28ರಂದು ಮುಚ್ಚಿದ ಕೋಲಾರದ ಚಿನ್ನದ ಗಣಿಗಳಲ್ಲಿ, ಬೆಣಚುಕಲ್ಲಿನ ಧೂಳನ್ನು ಉಸಿರಾಡಿದ ಕಾರ್ಮಿಕರ ಶ್ವಾಸಕೋಶಗಳು ಗಟ್ಟಿಯಾಗುತ್ತಿದ್ದವು. ಈ ವ್ಯಾಧಿಯನ್ನು ಕ್ಷಯದಿಂದ ಬೇರ್ಪಡಿಸಿ ಗುರುತಿಸುವುದು ಸುಲಭವಲ್ಲ. ಕೆಮ್ಮುವವನ ದೇಹವೇ ದುರ್ಬಲವೆಂದು ಹೇಳಿಬಿಟ್ಟರೆ ಗಣಿಯ ಒಡೆಯನಿಗೆ ಯಾವ ತೊಂದರೆಯೂ ಇಲ್ಲ. ಆದರೆ ಅದಕ್ಕೆ ಸಿಲಿಕೋಸಿಸ್ ಎಂಬ ಹೆಸರು ಬಂದು, ಆ ಹೆಸರಿನೊಳಗೇ ಧೂಳೆಂಬ ಕಾರಣವೂ ಅಡಕವಾಗಿ, ಕಾನೂನು ಅದನ್ನು ಉದ್ಯೋಗಜನ್ಯ ರೋಗಗಳಲ್ಲಿ ಸೇರಿಸಿದ ಮೇಲೆ, ಕಾರ್ಮಿಕನಿಗೆ ಪರಿಹಾರವನ್ನು ಕೇಳುವ ಹಕ್ಕು ಹುಟ್ಟಿತು. ಕಂಪನಿಗೆ ಧೂಳನ್ನು ಅಡಗಿಸುವ ಕರ್ತವ್ಯವೂ ಹುಟ್ಟಿತು. ಎಲ್ಲ ಕಾರ್ಮಿಕರಿಗೂ ಆ ರೋಗ ಬರಲಿಲ್ಲವೆಂಬ ಮಾತಿನಿಂದ ಧೂಳು ನಿರಪರಾಧಿಯಾಗಲಿಲ್ಲ. ಎಲ್ಲ ಆಟಗಾರರಿಗೂ ವ್ಯಾಧಿ ತಟ್ಟುವುದಿಲ್ಲವೆಂಬ ಮಾತಿನಿಂದ ಆಟವನ್ನು ಕಟ್ಟಿದವರೂ ನಿರಪರಾಧಿಗಳಾಗಲಾರರು.

ನಮ್ಮ ಶಾಸನಗಳು ಈ ಕಡೆಗೆ ಒಂದು ಹೆಜ್ಜೆಯನ್ನು ಇಟ್ಟಿವೆ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ತಡೆಯಲು ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯಿದೆಗೆ ತಂದ ತಿದ್ದುಪಡಿಯನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ದುಡ್ಡಿನ ಆಟಗಳನ್ನು ದೇಶಕ್ಕೆಲ್ಲ ನಿಷೇಧಿಸುವ ಕಾನೂನನ್ನು ಮಾಡಿ, ದಂಡನೆಯನ್ನು ಆಟವನ್ನು ಒದಗಿಸುವವರಿಗೂ ಜಾಹೀರಾತು ಮಾಡುವವರಿಗೂ ವಿಧಿಸಿತು, ಆಡುವವನಿಗೆ ವಿಧಿಸಲಿಲ್ಲ. ದಂಡನೆಯ ದಿಕ್ಕು ಸರಿಯಾದದ್ದು. ಆದರೆ ಪಣವಿಲ್ಲದ ಆಟಗಳನ್ನು ಅದೇ ಕಾನೂನು ಪ್ರೋತ್ಸಾಹಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಜೂಜಿನಿಂದ ಬೇರೆಯಾಗಿ ಹೆಸರಿಟ್ಟ ವ್ಯಾಧಿಯು ಆ ಆಟಗಳಿಂದಲೂ ಬರಬಲ್ಲುದೆಂಬುದನ್ನು ಶಾಸಕರು ಇನ್ನೂ ವಿಚಾರಿಸಬೇಕಾಗಿದೆ.

ಹೀಗೆ ಎರಡು ಪಕ್ಷಗಳನ್ನೂ ತೂಗಿದ ಮೇಲೆ ನನ್ನ ನಿರ್ಣಯ ಇಷ್ಟು. ಈ ವ್ಯಾಧಿಯ ಹೆಸರು ನಿಲ್ಲಬೇಕು. ಏಕೆಂದರೆ ತಾನೇ ಬಿಡಬೇಕೆಂದು ಬಯಸಿ ಬಿಡಲಾರದೆ ನರಳುವವನು ನಿಜವಾಗಿ ಇದ್ದಾನೆ, ಹೆಸರಿಲ್ಲದಿದ್ದರೆ ಅವನ ಪಾಲಿಗೆ ಬೈಗುಳ ಮಾತ್ರ ಉಳಿಯುತ್ತದೆ. ಆದರೆ ಆ ಹೆಸರು ಸಂಕುಚಿತವಾಗಿರಬೇಕು; ನಿರ್ಣಯವು ವೈದ್ಯನದಾಗಿರಬೇಕು, ಮನೆಯವರದೂ ಉಪಾಧ್ಯಾಯರದೂ ಆಗಕೂಡದು; ಆಟದ ರಚನೆಯನ್ನೂ ಕಾರಣಗಳಲ್ಲಿ ಸೇರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥವರಿಗಾಗಿ 2014ರಲ್ಲಿಯೇ ಶಟ್ ಎಂಬ ಪ್ರತ್ಯೇಕ ಚಿಕಿತ್ಸಾಲಯವನ್ನು ತೆರೆಯಿತು, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯು ಈ ಹೆಸರನ್ನಿಡುವ ಮೊದಲೇ. ಆದರೆ ಮುಳಬಾಗಿಲಿನಿಂದ ಅದು ಸುಮಾರು ನೂರು ಕಿಲೋಮೀಟರ್ ದೂರ. ಕೂಲಿಯವನಿಗೆ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಸಂಪಾದನೆಯ ನಷ್ಟ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯಗಳು ಈ ವ್ಯಾಧಿಯನ್ನೂ ತಮ್ಮ ಕೆಲಸದೊಳಗೆ ಸೇರಿಸಿಕೊಂಡು ಅದಕ್ಕೆ ತಕ್ಕ ಶಿಕ್ಷಣವನ್ನು ಪಡೆಯಲಿ. 2022ರಿಂದ ನಡೆದಿರುವ ಟೆಲಿ ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆಯನ್ನು ಶಾಲೆಗಳು ಗೋಡೆಯ ಮೇಲೆ ಬರೆಸಲಿ. ಚಿಕಿತ್ಸೆಯನ್ನು ಒದಗಿಸದೆ ರೋಗದ ಹೆಸರನ್ನು ಮಾತ್ರ ಹಚ್ಚುವ ಸಮಾಜಕ್ಕೆ ಆ ಹೆಸರನ್ನು ಹಚ್ಚುವ ಅಧಿಕಾರವಿಲ್ಲ.