ಅರ್ಧವನ್ನು ಅರ್ಧ ಅನ್ನುವ ಧೈರ್ಯ

 

ಸತ್ಯವೇದ ತಂದಿರುವವರು, ಮೊಬೈಲ್‌ನಲ್ಲಿ ಓದುವವರು ಎಲ್ಲರೂ ಅಪೊಸ್ತಲರ ಕೃತ್ಯಗಳು 4ನೇ ಅಧ್ಯಾಯದ 36ನೇ ವಚನಕ್ಕೆ ಬನ್ನಿ. ಅಲ್ಲಿಂದ 5ನೇ ಅಧ್ಯಾಯದ 11ನೇ ವಚನದವರೆಗೆ ಒಂದೇ ಉಸಿರಿನಲ್ಲಿ ಓದಬೇಕು. ಲೂಕನು ಬರೆದಾಗ ಮಧ್ಯದಲ್ಲಿ ಅಧ್ಯಾಯದ ಗೆರೆ ಇರಲಿಲ್ಲ. ಅಧ್ಯಾಯಗಳ ವಿಂಗಡಣೆ ಬಂದದ್ದು ಎಷ್ಟೋ ಶತಮಾನಗಳ ನಂತರ. ನಾವು ಆ ಗೆರೆಯ ಹತ್ತಿರ ನಿಂತುಬಿಡ್ತೀವಿ. ಬಾರ್ನಬನನ್ನು ಒಂದು ಭಾನುವಾರ ಓದ್ತೀವಿ, ಅನನೀಯ ಸಫೈರರನ್ನು ಇನ್ನೊಂದು ಭಾನುವಾರ ಓದ್ತೀವಿ. ಆದರೆ ಇವು ಎರಡು ಕಥೆಗಳಲ್ಲ, ಒಂದೇ ಕಥೆ.

ಕುಪ್ರದ್ವೀಪದ ಲೇವಿಯನಾದ ಬಾರ್ನಬ ತನ್ನ ಹೊಲ ಮಾರಿದ, ಹಣ ತಂದು ಅಪೊಸ್ತಲರ ಪಾದಗಳ ಬಳಿ ಇಟ್ಟ. ಸಭೆಯೆಲ್ಲಾ ಅದನ್ನು ನೋಡಿತು. ಅನನೀಯನೂ ನೋಡಿರಬೇಕು. ಆಮೇಲೆ ಅವನೂ ಹೆಂಡತಿಯೂ ತಮ್ಮ ಭೂಮಿ ಮಾರಿದರು, ಸ್ವಲ್ಪ ಇಟ್ಟುಕೊಂಡರು, ಉಳಿದದ್ದನ್ನು ತಂದು ಅದೇ ಜಾಗದಲ್ಲಿ ಇಟ್ಟರು.

ಇವರ ತಪ್ಪು ಏನು ಅಂತ ಯುವಕರ ಕೂಟದಲ್ಲಿ ಕೇಳಿದರೆ, "ಪೂರ್ತಿ ಹಣ ಕೊಡಲಿಲ್ಲ" ಅನ್ನುತ್ತಾರೆ. ಪೇತ್ರ ಹಾಗೆ ಹೇಳಲಿಲ್ಲ. ಮಾರುವ ಮುಂಚೆ ಭೂಮಿ ನಿನ್ನದೇ ಆಗಿತ್ತು, ಮಾರಿದ ಮೇಲೆ ಹಣವೂ ನಿನ್ನ ಕೈಯಲ್ಲೇ ಇತ್ತು ಅನ್ನುವ ಅರ್ಥದಲ್ಲಿ ಅವನು ಮಾತಾಡುತ್ತಾನೆ. ಅಂದರೆ ಯಾರೂ ಬಲವಂತ ಮಾಡಿರಲಿಲ್ಲ. ಅನನೀಯ ಬಂದು, "ಅಯ್ಯಾ, ಮನೆ ಖರ್ಚಿಗೆ ಸ್ವಲ್ಪ ಇಟ್ಟುಕೊಂಡಿದ್ದೀವಿ, ಇದು ಅರ್ಧ ಭಾಗ" ಅಂದಿದ್ದರೆ, ಪೇತ್ರ ಏನು ಮಾಡ್ತಿದ್ದ? ಸ್ತೋತ್ರ ಮಾಡಿ ತೆಗೆದುಕೊಳ್ಳುತ್ತಿದ್ದ. ಬಡ ವಿಧವೆಯರ ಹೊಟ್ಟೆ ತುಂಬುತ್ತಿತ್ತು. ಸಫೈರಳಿಗಂತೂ ಇನ್ನೊಂದು ಅವಕಾಶ ಸಿಕ್ಕಿತು. ಸುಮಾರು ಮೂರು ಗಂಟೆ ಕಳೆದ ಮೇಲೆ ಅವಳು ಒಳಗೆ ಬಂದಾಗ ಪೇತ್ರ ನೇರವಾಗಿ ಕೇಳಿದ, ಇಷ್ಟಕ್ಕೇ ಮಾರಿದಿರಾ ಅಂತ. ಸತ್ಯ ಹೇಳಲು ಒಂದೇ ಒಂದು ಮಾತು ಸಾಕಿತ್ತು. ಅವಳು ಹೌದು ಅಂದಳು.

ಇಲ್ಲಿ "ಇಟ್ಟುಕೊಂಡ" ಅನ್ನುವುದಕ್ಕೆ ಗ್ರೀಕಿನಲ್ಲಿ ಬಳಸಿರುವ ಪದ ಸಾಮಾನ್ಯವಾದದ್ದಲ್ಲ. ಕದ್ದು ಇಟ್ಟುಕೊಳ್ಳುವುದು ಅನ್ನುವ ಪದ. ಪೌಲ ತೀತನಿಗೆ ಬರೆಯುವಾಗ, ದಾಸರು ಯಜಮಾನನ ವಸ್ತು ಕದಿಯಬಾರದು ಅನ್ನುವಾಗಲೂ ಅದೇ ಪದ. ಗ್ರೀಕ್ ಹಳೆಯ ಒಡಂಬಡಿಕೆಯಲ್ಲಿ ಆಕಾನನ ಕಥೆಯಲ್ಲೂ ಅದೇ ಪದ. ಇಲ್ಲಿ ಒಂದು ಪ್ರಶ್ನೆ ಏಳುತ್ತೆ. ತನ್ನದೇ ಹಣವನ್ನು ಮನುಷ್ಯ ಹೇಗೆ ಕದಿಯುತ್ತಾನೆ? ನಾನು ಅರ್ಥಮಾಡಿಕೊಂಡಿರುವುದು ಹೀಗೆ: "ಎಲ್ಲವೂ ದೇವರಿಗೆ" ಅಂತ ತೋರಿಸಿಕೊಂಡ ಕ್ಷಣದಲ್ಲೇ ಪೆಟ್ಟಿಗೆಯಲ್ಲಿ ಉಳಿದ ಹಣ ಕದ್ದ ಹಣವಾಯಿತು. ಸುಳ್ಳು ಅವರ ಸ್ವಂತ ದುಡಿಮೆಯನ್ನೇ ಕಳ್ಳಮಾಲು ಮಾಡಿಬಿಟ್ಟಿತು. ಬಾರ್ನಬನ ಹೆಸರು ಅವರಿಗೆ ಬೇಕಿತ್ತು, ಆದರೆ ಕಡಿಮೆ ಬೆಲೆಗೆ.

ಪ್ರಿಯರೇ, ಇವತ್ತು ನಮ್ಮಲ್ಲಿ ಹೆಚ್ಚಿನವರು ಹೊಲ ಮಾರುವವರಲ್ಲ. ಬಾಡಿಗೆ ಮನೆ, ಇಎಂಐ, ತಿಂಗಳ ಕೊನೆಯಲ್ಲಿ ಕೈ ಖಾಲಿ. ಆದರೂ ಬಾರ್ನಬನ ಹೆಸರನ್ನು ಕಡಿಮೆ ಬೆಲೆಗೆ ಕೊಳ್ಳುವ ದಾರಿಗಳು ನಮಗೂ ಗೊತ್ತು. "ಪ್ರಾರ್ಥನೆ ಮಾಡ್ತೀನಿ ಸಿಸ್ಟರ್" ಅಂತ ವಾಟ್ಸ್ಆ್ಯಪ್‌ನಲ್ಲಿ ಕೈಮುಗಿಯುವ ಚಿತ್ರ ಕಳಿಸಿ ಅಲ್ಲಿಗೇ ಮರೆತುಬಿಡೋದು. ಉಪವಾಸದ ಮೂರನೇ ದಿನ ಅಂತ ಸ್ಟೇಟಸ್ ಹಾಕೋದು. ಇನ್ನೊಬ್ಬರ ಗುಟ್ಟನ್ನು "ಪ್ರಾರ್ಥನಾ ವಿಷಯ" ಅನ್ನುವ ಹೆಸರಿನಲ್ಲಿ ಹಂಚೋದು. ಕೂಟಕ್ಕೆ ನಲವತ್ತು ಜನ ಬಂದಿದ್ದರೆ ವರದಿಯಲ್ಲಿ ನೂರು ಬರೆಯೋದು. ಪಕ್ಕದವರೆಲ್ಲಾ ಅನ್ಯಭಾಷೆಯಲ್ಲಿ ಮಾತಾಡ್ತಿದ್ದಾರೆ, ನಾನು ಸುಮ್ಮನಿದ್ದರೆ ಏನಂದುಕೊಳ್ಳುತ್ತಾರೋ ಅಂತ ತುಟಿ ಆಡಿಸೋದು. ಪೆಂತೆಕೊಸ್ತು ಸಭೆಯವರಾದ ನಮಗೆ ಈ ಅಪಾಯ ಸ್ವಲ್ಪ ಹೆಚ್ಚೇ ಇದೆ. ನಮ್ಮ ಆರಾಧನೆ ಕಣ್ಣಿಗೆ ಕಾಣುವಂಥದ್ದು, ಕಿವಿಗೆ ಕೇಳುವಂಥದ್ದು. ಕೈ ಎತ್ತುತ್ತೇವೆ, ಅಳುತ್ತೇವೆ, ಕುಣಿಯುತ್ತೇವೆ. ಅದೆಲ್ಲಾ ಒಳ್ಳೆಯದೇ. ಆದರೆ ಕಣ್ಣಿಗೆ ಕಾಣುವುದನ್ನೆಲ್ಲ ನಟಿಸಲೂಬಹುದು. ಯೇಸು "ಕಪಟಿ" ಅಂತ ಕರೆದಾಗ ಸುವಾರ್ತೆಯಲ್ಲಿ ಬರುವ ಗ್ರೀಕ್ ಪದ ನಾಟಕದ ರಂಗದಿಂದ ಬಂದದ್ದು. ಮುಖವಾಡ ಹಾಕಿಕೊಂಡು ಪಾತ್ರ ಮಾಡುವವನಿಗೆ ಆ ಪದ.

"ಇದರಿಂದ ಯಾರಿಗೆ ನಷ್ಟ? ದೇವರ ಮಹಿಮೆಗಾಗಿ ಸಾಕ್ಷಿಯನ್ನು ಸ್ವಲ್ಪ ದೊಡ್ಡದು ಮಾಡಿದರೆ ತಪ್ಪೇನು?" ಅಂತ ಕೆಲವರು ಕೇಳಬಹುದು. ನಷ್ಟ ಇದೆ. ಒಬ್ಬರು ಮುಂದೆ ನಿಂತು "ನನ್ನ ಶುಗರ್ ಸಂಪೂರ್ಣ ವಾಸಿಯಾಯಿತು" ಅನ್ನುತ್ತಾರೆ, ಮನೆಗೆ ಹೋಗಿ ಮಾತ್ರೆ ನುಂಗುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ಇನ್ನೊಬ್ಬ ತಾಯಿ ಅದನ್ನು ನಂಬಿ ಇನ್ಸುಲಿನ್ ನಿಲ್ಲಿಸುತ್ತಾರೆ. ಆ ತಾಯಿಗೆ ಏನಾದರೂ ಆದರೆ ಯಾರು ಉತ್ತರ ಕೊಡಬೇಕು? ದೇವರು ವಾಸಿಮಾಡುತ್ತಾನೆ ಅಂತ ನಾನು ಪೂರ್ಣವಾಗಿ ನಂಬುತ್ತೇನೆ. ಅದಕ್ಕಾಗಿಯೇ ಹೇಳ್ತಿದ್ದೀನಿ. ಯೇಸು ಕುಷ್ಠರೋಗಿಯನ್ನು ಮುಟ್ಟಿ ಶುದ್ಧಮಾಡಿದ ಮೇಲೆ, ಹೋಗಿ ಯಾಜಕನಿಗೆ ತೋರಿಸು ಅಂತ ಕಳಿಸಿದನು, ಮಾರ್ಕ 1ನೇ ಅಧ್ಯಾಯ. ಆ ಕಾಲದಲ್ಲಿ ಪರೀಕ್ಷೆ ಮಾಡಿ ಹೇಳುವ ಅಧಿಕಾರ ಯಾಜಕನಿಗಿತ್ತು. ತನ್ನ ಅದ್ಭುತವನ್ನು ಪರೀಕ್ಷೆಗೆ ಒಪ್ಪಿಸಲು ಯೇಸು ಹೆದರಲಿಲ್ಲ. ಪೌಲನು 1 ಕೊರಿಂಥ 15ರಲ್ಲಿ ಇನ್ನೂ ಮುಂದೆ ಹೋಗುತ್ತಾನೆ. ಕ್ರಿಸ್ತನು ಎದ್ದಿಲ್ಲವಾದರೆ ನಾವು ದೇವರ ವಿಷಯದಲ್ಲಿ ಸುಳ್ಳುಸಾಕ್ಷಿಗಳಾಗುತ್ತೇವೆ ಅನ್ನುವುದು ಅವನ ವಾದ. ಗಮನಿಸಿ, ದೇವರನ್ನು ಹೊಗಳುವ ಸುಳ್ಳೂ ಅವನಿಗೆ ಸುಳ್ಳೇ. ದೇವರ ಮಹಿಮೆಗೆ ನಮ್ಮ ಸುಳ್ಳಿನ ಆಸರೆ ಬೇಕಾಗಿಲ್ಲ.

ಈಗ ಕಷ್ಟದ ಪ್ರಶ್ನೆಗೆ ಬರೋಣ. ಆರಾಧನೆಯಲ್ಲಿ ಕೀಬೋರ್ಡ್ ನುಡಿಸುವ ಒಬ್ಬ ತಮ್ಮ ನನ್ನ ಹತ್ತಿರ ಬಂದು ಕೇಳಿದ: "ಪಾಸ್ಟರ್, ಸ್ಟೇಜ್ ಮೇಲಿದ್ದಾಗ ಅರ್ಧ ಮನಸ್ಸು ದೇವರ ಮೇಲೆ ಇರುತ್ತೆ, ಇನ್ನರ್ಧ ಮನಸ್ಸು ಲೈವ್ ಕ್ಯಾಮೆರಾ ಮೇಲೆ. ಹಾಗಾದ್ರೆ ನಾನು ಕಪಟಿನಾ? ಮನಸ್ಸು ಪೂರ್ತಿ ಶುದ್ಧ ಆಗೋವರೆಗೂ ನುಡಿಸೋದು ಬಿಟ್ಟುಬಿಡ್ಲಾ?"

ಒಳ್ಳೆಯ ಹುಡುಗ. ಒಳ್ಳೆಯ ಪ್ರಶ್ನೆ. ನಮ್ಮ ಹಿರಿಯರ ಗಾದೆ ಇದೆಯಲ್ಲಾ, ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ಎರಡೂ ಒಂದೇ ಮನಸ್ಸಿನಲ್ಲಿ ಇರುತ್ತವೆ. ನೂರಕ್ಕೆ ನೂರು ಶುದ್ಧವಾದ ಉದ್ದೇಶಕ್ಕೆ ಕಾಯುತ್ತಾ ಕೂತರೆ ಯಾರೂ ಪ್ರಸಂಗ ಮಾಡುವಂತಿಲ್ಲ, ಯಾರೂ ಬಡವರಿಗೆ ಅನ್ನ ಹಾಕುವಂತಿಲ್ಲ. ಹೃದಯ ಎಲ್ಲಕ್ಕಿಂತ ವಂಚಕ ಅಂತ ಯೆರೆಮೀಯ 17ರಲ್ಲಿ ಓದುತ್ತೇವೆ. ಅದರ ತಳ ನಮಗೆ ಕಾಣುವುದಿಲ್ಲ. ಪೌಲನು 1 ಕೊರಿಂಥ 4ರಲ್ಲಿ, ನನ್ನನ್ನು ನಾನೇ ವಿಚಾರಿಸಿಕೊಂಡು ತೀರ್ಪು ಮಾಡುವುದಿಲ್ಲ, ಮನಸ್ಸಾಕ್ಷಿ ಚುಚ್ಚದಿದ್ದರೂ ಅದರಿಂದ ನಾನು ನಿರ್ದೋಷಿ ಅಂತ ಆಗುವುದಿಲ್ಲ, ತೀರ್ಪು ಕರ್ತನದು ಅನ್ನುತ್ತಾನೆ. ದಿನವಿಡೀ ತನ್ನ ಮನಸ್ಸನ್ನೇ ಕೆದಕುತ್ತಾ ಕೂರುವುದೂ ತನ್ನನ್ನೇ ನೋಡಿಕೊಳ್ಳುವ ಇನ್ನೊಂದು ಕನ್ನಡಿ.

ಫಿಲಿಪ್ಪಿ 1ರಲ್ಲಿ ಪೌಲ ಸೆರೆಯಲ್ಲಿದ್ದಾನೆ. ಹೊರಗೆ ಕೆಲವರು ಅವನ ಮೇಲಿನ ಹೊಟ್ಟೆಕಿಚ್ಚಿನಿಂದಲೇ ಸುವಾರ್ತೆ ಸಾರುತ್ತಿದ್ದಾರೆ. ಹೇಗಾದರೂ ಕ್ರಿಸ್ತನು ಪ್ರಸಿದ್ಧನಾಗುತ್ತಿದ್ದಾನಲ್ಲಾ ಅಂತ ಅವನು ಸಂತೋಷಪಡುತ್ತಾನೆ. ಆದರೆ ಅದೇ ಪೌಲ 1 ಕೊರಿಂಥ 13ರಲ್ಲಿ, ಪ್ರೀತಿಯಿಲ್ಲದೆ ನನಗಿದ್ದದ್ದನ್ನೆಲ್ಲಾ ಹಂಚಿದರೂ ನನಗೆ ಪ್ರಯೋಜನವಿಲ್ಲ ಅನ್ನುತ್ತಾನೆ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಕೆಟ್ಟ ಉದ್ದೇಶದಿಂದ ಹಾಕಿದ ಅನ್ನವೂ ಹಸಿದವನ ಹೊಟ್ಟೆ ತುಂಬಿಸುತ್ತೆ. ಹಾಕಿದವನು ಮಾತ್ರ ಹಸಿದೇ ಮನೆಗೆ ಹೋಗುತ್ತಾನೆ.

ಹಾಗಾದರೆ ಆ ತಮ್ಮ ಏನು ಮಾಡಬೇಕು? ಮಾರ್ಕ 9ನೇ ಅಧ್ಯಾಯದ ತಂದೆಯನ್ನು ನೋಡಿ. ಮಗನಿಗೆ ಅಶುದ್ಧಾತ್ಮ ಹಿಡಿದಿದೆ, ಶಿಷ್ಯರ ಕೈಯಲ್ಲಿ ಆಗಲಿಲ್ಲ, ಸುತ್ತಲೂ ಜನ ನಿಂತಿದ್ದಾರೆ. ನಂಬುವವನಿಗೆ ಎಲ್ಲವೂ ಆಗುತ್ತೆ ಅಂತ ಯೇಸು ಹೇಳಿದಾಗ, "ಪೂರ್ತಿ ನಂಬ್ತೀನಿ ಸ್ವಾಮಿ" ಅನ್ನುವುದು ಅವನಿಗೆ ಎಷ್ಟು ಸುಲಭವಾಗಿತ್ತು! ಮಗನ ಪ್ರಾಣದ ಪ್ರಶ್ನೆ ಬೇರೆ. ಅವನು ಕೂಗಿ ಹೇಳಿದ್ದು, ನಂಬುತ್ತೇನೆ, ಆದರೆ ನನ್ನಲ್ಲಿ ಅಪನಂಬಿಕೆಯೂ ಇದೆ, ಅದಕ್ಕೆ ಸಹಾಯ ಮಾಡು ಅಂತ. ಯೇಸು ಅವನನ್ನು ಹಿಂದಕ್ಕೆ ಕಳಿಸಲಿಲ್ಲ, ಮಗನನ್ನು ಬಿಡುಗಡೆ ಮಾಡಿದನು.

ಈ ಇಬ್ಬರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ. ಅನನೀಯ ತಂದದ್ದೂ ಒಂದು ಭಾಗ, ಈ ತಂದೆ ತಂದದ್ದೂ ಒಂದು ಭಾಗವೇ. ಒಬ್ಬ ಅರ್ಧವನ್ನು ಪೂರ್ತಿ ಅಂದ. ಇನ್ನೊಬ್ಬ ಅರ್ಧವನ್ನು ಅರ್ಧ ಅಂದ. ಬೆರೆತ ಮನಸ್ಸು ಮನುಷ್ಯನ ಬಲಹೀನತೆ, ದೇವರು ಅದರ ಜೊತೆ ಕೆಲಸ ಮಾಡುತ್ತಾನೆ. ಮುಚ್ಚಿಟ್ಟ ಮನಸ್ಸು ಬೇರೆ, ಅಲ್ಲಿ ಅವನಿಗೆ ಒಳಗೆ ಬರಲು ಬಾಗಿಲೇ ಇಲ್ಲ. ಆದ್ದರಿಂದ ಆ ತಮ್ಮನಿಗೆ ಹೇಳಿದೆ: "ನುಡಿಸು. ಸ್ಟೇಜ್ ಹತ್ತುವ ಮುಂಚೆ ದೇವರಿಗೆ ಆ ಅರ್ಧದ ಲೆಕ್ಕ ಕೊಡು. ಟೀಮ್‌ನಲ್ಲಿ ನಂಬಿಕೆಯ ಒಬ್ಬರಿಗಾದರೂ ಹೇಳು. ತಿಂಗಳಲ್ಲಿ ಒಂದು ಭಾನುವಾರ ಕ್ಯಾಮೆರಾ ಇಲ್ಲದ ಸೇವೆ ಮಾಡು, ಸಂಡೇ ಸ್ಕೂಲ್ ಮಕ್ಕಳ ಜೊತೆ ಕೂರು, ಕುರ್ಚಿ ಎತ್ತಿಡು." ಯಾರೂ ನೋಡದ ಸೇವೆಯಲ್ಲಿ ಕ್ಯಾಮೆರಾ ಆಸೆಗೆ ಊಟ ಸಿಗಲ್ಲ.

ಇನ್ನು ಕೆಲವರು ಈ ಮಾತನ್ನು ಇನ್ನೊಂದು ಕಡೆಗೆ ಎಳೆಯುತ್ತಾರೆ. "ನಾನು ಫೇಕ್ ಅಲ್ಲ ಪಾಸ್ಟರ್, ಮನಸ್ಸಿಗೆ ಬರದಿದ್ರೆ ಸಭೆಗೆ ಬರಲ್ಲ, ಫೀಲ್ ಆಗದಿದ್ರೆ ಹಾಡಲ್ಲ." ಇದು ಪ್ರಾಮಾಣಿಕತೆ ಅಲ್ಲ. ಮತ್ತಾಯ 21ರಲ್ಲಿ ಯೇಸು ಹೇಳಿದ ಇಬ್ಬರು ಮಕ್ಕಳನ್ನು ನೆನಪು ಮಾಡಿಕೊಳ್ಳಿ. ಮೊದಲನೆಯವನು ಹೋಗಲ್ಲ ಅಂದ, ಆಮೇಲೆ ಮನಸ್ಸು ತಿರುಗಿ ದ್ರಾಕ್ಷೆತೋಟಕ್ಕೆ ಹೋದ. ಎರಡನೆಯವನು ವಿನಯವಾಗಿ ಒಪ್ಪಿಕೊಂಡ, ಹೋಗಲಿಲ್ಲ. ತಂದೆಯ ಇಷ್ಟ ನೆರವೇರಿಸಿದವನು ಮೊದಲನೆಯವನೇ. ಉತ್ಸಾಹ ಇಲ್ಲದಿದ್ದರೂ ಕರ್ತವ್ಯ ಮಾಡುವುದು ಕಪಟ ಅಲ್ಲ. ಇಲ್ಲದ ಉತ್ಸಾಹ ಇದೆ ಅಂತ ತೋರಿಸಿಕೊಳ್ಳುವುದು ಕಪಟ. ರಾತ್ರಿ ಎರಡು ಗಂಟೆಗೆ ಅಳುವ ಮಗುವನ್ನು ಎತ್ತಿಕೊಳ್ಳುವ ತಾಯಿಗೆ ಆಗ ಫೀಲ್ ಇರುತ್ತಾ? ಎತ್ತಿಕೊಳ್ಳುತ್ತಾಳೆ. ಅದೇ ಪ್ರೀತಿ.

ನಮ್ಮ ನಾಡಿಗೆ ಸೇರಿದ ಒಬ್ಬ ಸಹೋದರಿಯ ಸಾಕ್ಷಿ ಹೇಳಲೇಬೇಕು. ಪಂಡಿತಾ ರಮಾಬಾಯಿ, 1858ರಲ್ಲಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಹೊಂದಿದರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಆ ಹೊತ್ತಿಗೆ ಅವರ ಹೆಸರು ವಿದೇಶಗಳಲ್ಲೂ ಗೊತ್ತಿತ್ತು. ಇಂಥವರು ಮುಂದೆ 1907ರಲ್ಲಿ ಬರೆದ ತಮ್ಮ ಸಾಕ್ಷಿಯಲ್ಲಿ ಏನನ್ನು ಒಪ್ಪಿಕೊಂಡರು ಗೊತ್ತಾ? ದೀಕ್ಷಾಸ್ನಾನದ ವೇಳೆ ತಮಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನೇ ಸಿಕ್ಕಿದ್ದು ಸುಮಾರು ಎಂಟು ವರ್ಷಗಳ ನಂತರ ಅಂತ. ಹೇಳದೆ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭಾರತದ ಪೆಂತೆಕೊಸ್ತು ಚರಿತ್ರೆಯಲ್ಲಿ ನಾವು ಹೆಮ್ಮೆಯಿಂದ ಹೇಳುವ 1905ರ ಉಜ್ಜೀವನ ಅವರದೇ ಕೇಡಗಾಂವ್‌ನ ಮುಕ್ತಿ ಮಿಷನ್‌ನಲ್ಲಿ ನಡೆಯಿತು. ಬೆಂಕಿ ಬಿದ್ದ ಮನೆಯ ಯಜಮಾನಿ ತನ್ನ ಬರಿದಾದ ವರ್ಷಗಳನ್ನು ಬರಿದು ಅಂತಲೇ ಕರೆದಳು.

ಕೊನೆಯದಾಗಿ, ನಾಯಕರಾದ ನಮಗೂ ಸಭೆಗೂ ಒಂದು ಮಾತು. ಸತ್ಯ ಹೇಳಿದವನಿಗೆ ದಂಡ ಬೀಳುವ ಕಡೆ ಜನ ನಟನೆ ಕಲಿಯುತ್ತಾರೆ. ಒಬ್ಬ ಹುಡುಗ ಸೆಲ್ ಗ್ರೂಪ್‌ನಲ್ಲಿ ತಲೆ ತಗ್ಗಿಸಿ "ಮತ್ತೆ ಬಿದ್ದೆ ಅಣ್ಣಾ" ಅನ್ನುತ್ತಾನೆ. ಮರುದಿನ ಬೆಳಗ್ಗೆ ಅದು ಇಡೀ ಸಭೆಯ ಬಾಯಲ್ಲಿದ್ದರೆ, ಮುಂದಿನ ವಾರ ಅವನು ನಗುತ್ತಾ "ಆಲ್ ಗುಡ್, ಹಲ್ಲೆಲೂಯಾ" ಅಂತಾನೆ. ಆ ಸುಳ್ಳನ್ನು ಅವನಿಗೆ ಕಲಿಸಿದವರು ನಾವು. ಹಾಗೆಯೇ ಕಾಣಿಕೆಯ ಲೆಕ್ಕ. ಯೆರೂಸಲೇಮಿನ ಬಡವರಿಗಾಗಿ ಸಂಗ್ರಹಿಸಿದ ಹಣವನ್ನು ಪೌಲ ಒಬ್ಬನೇ ಜೋಳಿಗೆಗೆ ಹಾಕಿಕೊಂಡು ಹೊರಡಲಿಲ್ಲ. ಸಭೆಗಳು ಆರಿಸಿದ ಸಹೋದರನನ್ನು ಜೊತೆಗೆ ಸೇರಿಸಿಕೊಂಡ. 2 ಕೊರಿಂಥ 8ರಲ್ಲಿ ಕಾರಣವನ್ನೂ ಹೇಳಿದ: ಕರ್ತನ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು. "ನನ್ನ ಹೃದಯ ದೇವರಿಗೆ ಗೊತ್ತು" ಅನ್ನುವ ಮಾತು ಲೆಕ್ಕದ ಪುಸ್ತಕಕ್ಕೆ ಬದಲಿಯಾಗುವುದಿಲ್ಲ. ಯಾರಾದರೂ ಯುವಕರು ಲೆಕ್ಕ ಕೇಳಿದರೆ ಅವರನ್ನು ದಂಗೆಕೋರರು ಅನ್ನಬೇಡಿ, ಪುಸ್ತಕ ತೆರೆದು ತೋರಿಸಿ.

ಈ ವಾರ ಒಂದೇ ಕೆಲಸ. ನೀವು ಪೂರ್ತಿ ಅಂತ ತೋರಿಸಿಕೊಂಡಿರುವ ಒಂದು ಅರ್ಧವನ್ನು ಹುಡುಕಿ. ಪ್ರಾರ್ಥನೆ ಮಾಡ್ತೀನಿ ಅಂದು ಮಾಡದೆ ಉಳಿಸಿದ ಹೆಸರು ಇರಬಹುದು, ದೊಡ್ಡದು ಮಾಡಿ ಹೇಳಿದ ಸಾಕ್ಷಿ ಇರಬಹುದು. ಅದನ್ನು ಅದರ ನಿಜವಾದ ಅಳತೆಯಲ್ಲಿ ದೇವರಿಗೆ ಹೇಳಿ. ಕೇಳಬೇಕಾದ ಮನುಷ್ಯರಿದ್ದರೆ ಅವರಿಗೂ ಹೇಳಿ.

ಪ್ರಾರ್ಥನೆ ಮಾಡೋಣ. ಪರಲೋಕದ ತಂದೆಯೇ, ನಮ್ಮ ಒಳಗನ್ನು ನೀನು ನೋಡುತ್ತೀ, ನೋಡಿಯೂ ನಮ್ಮನ್ನು ಕರೆದಿದ್ದೀ. ನಮ್ಮ ಕೈಯಲ್ಲಿ ಇರುವಷ್ಟನ್ನೇ ತಂದಿದ್ದೇವೆ. ಇಲ್ಲದ್ದನ್ನು ಇದೆ ಅನ್ನುವ ಆಸೆಯಿಂದ ನಮ್ಮನ್ನು ಬಿಡಿಸು. ಸತ್ಯ ಹೇಳಿದವರನ್ನು ಅಪ್ಪಿಕೊಳ್ಳುವ ಸಭೆಯಾಗಿ ನಮ್ಮನ್ನು ಮಾಡು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.